ಪಿತ್ತಾಮ್ಲಗಳು ದೊಡ್ಡ ಕರುಳಿನ ಕ್ಯಾನ್ಸರ್ ತರುತ್ತವೆಯೇ?

ಪ್ರಶ್ನೆ: ನನಗೆ 52 ವರ್ಷ. ಕಲ್ಲುಗಳಾಗಿದ್ದರಿಂದ ಮೂರು ವರ್ಷಗಳ ಹಿಂದೆ ಪಿತ್ತಕೋಶವನ್ನು ತೆಗೆಸಿಕೊಂಡೆ. ಕಳೆದ ತಿಂಗಳು ಕೊಲೊನೋಸ್ಕೊಪಿ ಮಾಡಿದಾಗ ದೊಡ್ಡ ಕರುಳಿನಲ್ಲಿ 6 ಮಿಲಿಮೀಟರಿನ ಒಂದು ಪಾಲಿಪ್ (ಒಳಗೋಡೆಯ ಮೇಲೆ ಬೆಳೆಯುವ ಸಣ್ಣ ಗಂಟು) ಸಿಕ್ಕಿತು, ಅಲ್ಲೇ ತೆಗೆದುಹಾಕಿದರು. ಪಿತ್ತಾಮ್ಲಗಳು ಜೀವಕೋಶದ ‘ಗ್ರಾಹಕ’ಗಳ ಮೂಲಕ ಕರುಳಿನ ಕ್ಯಾನ್ಸರಿಗೆ ಕಾರಣವಾಗುತ್ತವೆ ಎಂದು ಎಲ್ಲೋ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ಪಿತ್ತಕೋಶವೇ ಇಲ್ಲದ ನನಗೆ ಪಿತ್ತರಸ ಹಗಲೂ ರಾತ್ರಿ ಕರುಳಿಗೆ ಸುರಿಯುತ್ತಿರುತ್ತದಲ್ಲವೇ? ಆ ಗ್ರಾಹಕಗಳನ್ನು ಮುಚ್ಚುವ ಔಷಧವಿದೆಯೇ? ಯಕೃತ್ತಿನ ಕಾಯಿಲೆಗೆ ಕೊಡುವ ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆಯನ್ನು ನಾನೂ ತೆಗೆದುಕೊಳ್ಳಬಹುದೇ? ಊಟದಲ್ಲಿ ಕೊಬ್ಬನ್ನು ಪೂರ್ತಿ ಬಿಡಬೇಕೇ?

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಷಯ. ಪಿತ್ತಕೋಶ ತೆಗೆಸಿಕೊಂಡ ಮಾತ್ರಕ್ಕೆ ನೀವು ಕರುಳಿನ ಕ್ಯಾನ್ಸರಿನ ದಾರಿಯಲ್ಲಿದ್ದೀರಿ ಎಂದುಕೊಳ್ಳಬೇಡಿ. ನಿಮ್ಮ ವಿಷಯದಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಆ 6 ಮಿಲಿಮೀಟರಿನ ಪಾಲಿಪ್. ಅದು ಈಗ ನಿಮ್ಮ ದೇಹದಲ್ಲಿಲ್ಲ. ಆದರೆ ನೀವು ಓದಿದ್ದು ಸುಳ್ಳೂ ಅಲ್ಲ. ಪಿತ್ತಾಮ್ಲಗಳಿಗೂ ದೊಡ್ಡ ಕರುಳಿನ ಕ್ಯಾನ್ಸರಿಗೂ ನಂಟಿದೆ. ಆ ನಂಟು ಎಂಥದ್ದು ಎಂಬುದನ್ನು ಬಿಡಿಸಿ ಹೇಳದೆ ‘ಹೆದರಬೇಡಿ’ ಎಂದಷ್ಟೇ ಹೇಳಿ ಕಳಿಸಿದರೆ ನಿಮ್ಮ ಭಯ ಹೋಗುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಒಂದು ಗಾಜಿನ ನಳಿಗೆಯಲ್ಲಿ ನೀರು ಹಾಕಿ, ಅದರ ಮೇಲೆ ನಾಲ್ಕು ಹನಿ ಎಣ್ಣೆ ಬಿಡಿ. ಎಣ್ಣೆ ತೇಲುತ್ತದೆ; ಎಷ್ಟು ಕುಲುಕಿದರೂ ತುಸು ಹೊತ್ತಿಗೆ ಮತ್ತೆ ಮೇಲೆ ಬಂದು ನಿಲ್ಲುತ್ತದೆ. ಅದಕ್ಕೆ ಸ್ವಲ್ಪ ಪಿತ್ತರಸ ಸೇರಿಸಿ ಕುಲುಕಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಎಣ್ಣೆ ಬೇಗ ಬೇರೆಯಾಗುವುದಿಲ್ಲ. ಪಿತ್ತರಸದಲ್ಲಿರುವ ಪಿತ್ತಾಮ್ಲದ ಅಣುವಿನ ಒಂದು ಮುಖಕ್ಕೆ ನೀರು ಒಗ್ಗುತ್ತದೆ, ಇನ್ನೊಂದು ಮುಖಕ್ಕೆ ಕೊಬ್ಬು ಒಗ್ಗುತ್ತದೆ. ಸಾಬೂನಿನ ಗುಣವೂ ಇದೇ. ನಾವು ತಿಂದ ಕೊಬ್ಬು ಜೀರ್ಣವಾಗುವುದು ಈ ಗುಣದಿಂದ. ಆದರೆ ಕೊಬ್ಬನ್ನು ಒಡೆಯಬಲ್ಲದ್ದು ಜೀವಕೋಶದ ಪೊರೆಯನ್ನೂ ಸಡಿಲಿಸಬಲ್ಲದು, ಏಕೆಂದರೆ ಆ ಪೊರೆಯೂ ಕೊಬ್ಬಿನಿಂದಲೇ ಆದದ್ದು. ಅದಕ್ಕಾಗಿಯೇ ದೇಹ ಪಿತ್ತಾಮ್ಲಗಳನ್ನು ಬಹಳ ಬಿಗಿಯಾದ ಕಾವಲಿನಲ್ಲಿ ಓಡಾಡಿಸುತ್ತದೆ.

ಯಕೃತ್ತು ಕೊಲೆಸ್ಟರಾಲ್‌ನಿಂದ ಎರಡು ಮುಖ್ಯ ಪಿತ್ತಾಮ್ಲಗಳನ್ನು ತಯಾರಿಸುತ್ತದೆ: ಕೋಲಿಕ್ ಆಮ್ಲ ಮತ್ತು ಕೀನೋಡಿಆಕ್ಸಿಕೋಲಿಕ್ ಆಮ್ಲ. ಇವನ್ನು ಪ್ರಾಥಮಿಕ ಪಿತ್ತಾಮ್ಲಗಳು ಎನ್ನುತ್ತೇವೆ. ಗ್ಲೈಸಿನ್ ಅಥವಾ ಟಾರಿನ್ ಎಂಬ ಚಿಕ್ಕ ಅಣುವನ್ನು ಇವಕ್ಕೆ ಜೋಡಿಸಿ ಸಣ್ಣ ಕರುಳಿಗೆ ಬಿಡುತ್ತದೆ. ದೇಹದಲ್ಲಿ ಒಟ್ಟು ಪಿತ್ತಾಮ್ಲ ಇರುವುದು ಸುಮಾರು 3 ಗ್ರಾಂ ಮಾತ್ರ. ಆ ಮೂರು ಗ್ರಾಮೇ ದಿನಕ್ಕೆ ಹಲವು ಬಾರಿ ಯಕೃತ್ತಿನಿಂದ ಕರುಳಿಗೆ, ಕರುಳಿನಿಂದ ಯಕೃತ್ತಿಗೆ ಸುತ್ತು ಹೊಡೆಯುತ್ತದೆ. ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್ ಪ್ರತಿ ಸುತ್ತಿನಲ್ಲೂ ಶೇಕಡಾ 95ರಷ್ಟನ್ನು ಹೀರಿಕೊಂಡು ವಾಪಸು ಕಳಿಸುತ್ತದೆ. ತಪ್ಪಿಸಿಕೊಂಡ ಉಳಿದ ಶೇಕಡಾ 5 ದೊಡ್ಡ ಕರುಳಿಗೆ ಇಳಿಯುತ್ತದೆ. ದಿನದ ಕೊನೆಗೆ ಸುಮಾರು ಅರ್ಧ ಗ್ರಾಂ ಮಲದಲ್ಲಿ ಹೊರಹೋಗುತ್ತದೆ, ಯಕೃತ್ತು ಅಷ್ಟನ್ನೇ ಹೊಸದಾಗಿ ಮಾಡಿಕೊಳ್ಳುತ್ತದೆ.

ನಮ್ಮ ಕಥೆ ಶುರುವಾಗುವುದು ಈ ಶೇಕಡಾ ಐದರಿಂದ. ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಕಾದಿರುತ್ತವೆ. ಅವು ಮೊದಲು ಗ್ಲೈಸಿನ್, ಟಾರಿನ್‌ಗಳನ್ನು ಕತ್ತರಿಸಿ ಹಾಕುತ್ತವೆ. ಆಮೇಲೆ ಕ್ಲಾಸ್ಟ್ರಿಡಿಯಮ್ ಸಿಂಡೆನ್ಸ್‌ನಂಥ ಕೆಲವೇ ಜಾತಿಗಳು ಅಣುವಿನ ಒಂದು ಕಡೆಯ ಹೈಡ್ರಾಕ್ಸಿಲ್ ಗುಂಪನ್ನು ಕಿತ್ತುಹಾಕುತ್ತವೆ. ಆಗ ಕೋಲಿಕ್ ಆಮ್ಲ ಡಿಆಕ್ಸಿಕೋಲಿಕ್ ಆಮ್ಲವಾಗುತ್ತದೆ, ಕೀನೋಡಿಆಕ್ಸಿಕೋಲಿಕ್ ಆಮ್ಲ ಲಿಥೋಕೋಲಿಕ್ ಆಮ್ಲವಾಗುತ್ತದೆ. ಇವೇ ದ್ವಿತೀಯಕ ಪಿತ್ತಾಮ್ಲಗಳು. ಬದಲಾದದ್ದು ಒಂದು ಸಣ್ಣ ಗುಂಪು, ಆದರೆ ಅಣುವಿನ ಸ್ವಭಾವವೇ ಬದಲಾಗುತ್ತದೆ: ನೀರಿನ ಮೇಲಿನ ಒಲವು ಕಡಿಮೆಯಾಗಿ ಕೊಬ್ಬಿನ ಮೇಲಿನ ಒಲವು ಹೆಚ್ಚುತ್ತದೆ, ಜೀವಕೋಶದ ಪೊರೆಗೆ ನುಗ್ಗುವ ಶಕ್ತಿ ಹೆಚ್ಚುತ್ತದೆ. ಕ್ಯಾನ್ಸರಿನ ಮಾತು ಬಂದಾಗಲೆಲ್ಲ ಬೆರಳು ತೋರುವುದು ಮುಖ್ಯವಾಗಿ ಈ ಎರಡರ ಕಡೆಗೆ.

ಆ ಅನುಮಾನ ಹಳೆಯದು. ಪಿತ್ತಾಮ್ಲಗಳ ರಚನೆಯ ಸಂಶೋಧನೆಗಾಗಿ 1927ರ ನೊಬೆಲ್ ಪ್ರಶಸ್ತಿ ಪಡೆದ ಜರ್ಮನಿಯ ಹೈನ್ರಿಖ್ ವೀಲಾಂಡ್, 1930ರ ದಶಕದಲ್ಲಿ ಪ್ರಯೋಗಾಲಯದಲ್ಲಿ ಡಿಆಕ್ಸಿಕೋಲಿಕ್ ಆಮ್ಲದಿಂದ ಮೀಥೈಲ್‌ಕೊಲಾಂತ್ರೀನ್ ಎಂಬ ರಾಸಾಯನಿಕವನ್ನು ಮಾಡಿದರು. ಅದು ಪ್ರಬಲ ಕ್ಯಾನ್ಸರ್‌ಕಾರಕ. ಹಾಗಾದರೆ ದೇಹದೊಳಗೂ ಇದು ನಡೆಯುತ್ತಿರಬಹುದೇ ಎಂಬ ಪ್ರಶ್ನೆ ಎದ್ದಿತು. ದೇಹದೊಳಗೆ ಹಾಗೆ ನಡೆಯುತ್ತದೆ ಎಂದು ತೋರಿಸಲು ಆಗಲಿಲ್ಲ, ಆದರೆ ಪ್ರಶ್ನೆ ಉಳಿಯಿತು. 1940ರಲ್ಲಿ ಬ್ರಿಟನ್ನಿನ ಸಂಶೋಧಕರು ಡಿಆಕ್ಸಿಕೋಲಿಕ್ ಆಮ್ಲವನ್ನೇ ಇಲಿಗಳಿಗೆ ಚುಚ್ಚಿ ಗೆಡ್ಡೆಗಳಾದುದನ್ನು ವರದಿ ಮಾಡಿದರು. 1974ರ ಪ್ರಯೋಗವೊಂದು ಇನ್ನೂ ಮುಖ್ಯವಾದದ್ದು. ಇಲಿಗಳ ಕರುಳಿಗೆ ಒಂದು ಕ್ಯಾನ್ಸರ್‌ಕಾರಕವನ್ನು ಹಾಕಿ, ಬಳಿಕ ಪಿತ್ತಾಮ್ಲ ಕೊಟ್ಟಾಗ ಗೆಡ್ಡೆಗಳು ಹೆಚ್ಚಾದವು. ಬರೀ ಪಿತ್ತಾಮ್ಲ ಕೊಟ್ಟ ಇಲಿಗಳಲ್ಲಿ ಗೆಡ್ಡೆಗಳು ಕಾಣಲಿಲ್ಲ. ಅಂದರೆ ಪಿತ್ತಾಮ್ಲ ಬೀಜ ಬಿತ್ತುವುದಕ್ಕಿಂತ, ಬಿದ್ದ ಬೀಜಕ್ಕೆ ನೀರೆರೆಯುತ್ತದೆ ಎಂಬ ತಿಳಿವಳಿಕೆ ಬಂತು. ತಿಂಗಳುಗಟ್ಟಲೆ ಡಿಆಕ್ಸಿಕೋಲಿಕ್ ಆಮ್ಲ ಬೆರೆಸಿದ ಆಹಾರ ತಿಂದ ಇಲಿಗಳಲ್ಲಿ ಬೇರೆ ಕ್ಯಾನ್ಸರ್‌ಕಾರಕವಿಲ್ಲದೆಯೂ ಕರುಳಿನ ಗೆಡ್ಡೆಗಳಾದುದನ್ನು 2011ರಲ್ಲಿ ಇನ್ನೊಂದು ತಂಡ ತೋರಿಸಿತು. ಆದ್ದರಿಂದ ಬೀಜ, ನೀರು ಎಂಬ ಗೆರೆ ಅಷ್ಟು ಸ್ಪಷ್ಟವಲ್ಲ ಎಂಬುದನ್ನೂ ಹೇಳಬೇಕು.

ಇಲ್ಲಿಯವರೆಗಿನದ್ದು ‘ಸಾಬೂನಿನ’ ಕಥೆ: ಪಿತ್ತಾಮ್ಲ ಕರುಳಿನ ಒಳಪದರವನ್ನು ಕೆರಳಿಸುತ್ತದೆ, ಜೀವಕೋಶದೊಳಗೆ ಆಮ್ಲಜನಕದ ಉಗ್ರ ಕಣಗಳು ಹೆಚ್ಚುತ್ತವೆ, ಡಿಎನ್‌ಎಗೆ ಏಟು ಬೀಳುತ್ತದೆ. ಏಟು ತಿಂದ ಹೆಚ್ಚಿನ ಜೀವಕೋಶಗಳು ಸಾಯುತ್ತವೆ. ಸತ್ತ ಜಾಗ ತುಂಬಲು ಉಳಿದವು ಬೇಗ ಬೇಗ ಒಡೆದು ಹೆಚ್ಚುತ್ತವೆ. ವರ್ಷಾನುಗಟ್ಟಲೆ ಹೀಗೇ ನಡೆದರೆ, ಸಾಯಲು ಒಪ್ಪದ ಜೀವಕೋಶಗಳು ಮಾತ್ರ ಆಯ್ದು ಉಳಿದುಬಿಡುತ್ತವೆ. ಇದು ಸುಳ್ಳಲ್ಲ. ಆದರೆ 1999ರಲ್ಲಿ ಇನ್ನೊಂದು ಬಾಗಿಲು ತೆರೆಯಿತು.

ಆ ವರ್ಷ ಮೂರು ತಂಡಗಳು ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ಪ್ರಕಟಿಸಿದವು. ನಮ್ಮ ಜೀವಕೋಶಗಳ ಕೋಶಕೇಂದ್ರದಲ್ಲಿ ಎಫ್‌ಎಕ್ಸ್‌ಆರ್ ಎಂಬ ಒಂದು ಪ್ರೋಟೀನ್ ಇದೆ; ಅದು ಪಿತ್ತಾಮ್ಲವನ್ನು ಗುರುತು ಹಿಡಿಯುತ್ತದೆ; ಹಿಡಿದ ಕೂಡಲೇ ಡಿಎನ್‌ಎ ಮೇಲೆ ಕುಳಿತು ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ, ಕೆಲವನ್ನು ತಡೆಯುತ್ತದೆ. ಅಂದರೆ ಪಿತ್ತಾಮ್ಲ ಬರೀ ಜೀರ್ಣಕಾರಿ ಸಾಬೂನಲ್ಲ, ಹಾರ್ಮೋನಿನ ಹಾಗೆ ಸುದ್ದಿ ಒಯ್ಯುವ ಅಣು. ನೀವು ಓದಿದ ‘ಗ್ರಾಹಕ’ ಎಂದರೆ ಈ ಸುದ್ದಿಯನ್ನು ಕೇಳಿಸಿಕೊಳ್ಳುವ ಕಿವಿ. ಕಿವಿಗಳು ಹಲವಿವೆ, ಕರುಳಿನ ಕ್ಯಾನ್ಸರಿನ ವಿಷಯದಲ್ಲಿ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎಫ್‌ಎಕ್ಸ್‌ಆರ್.

ಏಕೆ ಎಂದರೆ ಅದರ ಕೆಲಸವೇ ಕಾವಲು. ಇಲಿಯಮ್‌ನಲ್ಲಿ ಪಿತ್ತಾಮ್ಲ ಹೆಚ್ಚಾದಾಗ ಎಫ್‌ಎಕ್ಸ್‌ಆರ್ ಎಚ್ಚೆತ್ತು ಎಫ್‌ಜಿಎಫ್19 ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡಿಸುತ್ತದೆ. ಅದು ಯಕೃತ್ತನ್ನು ತಲುಪಿ ‘ತಯಾರಿಕೆ ಇಳಿಸು’ ಎಂದು ತಿಳಿಸುತ್ತದೆ. ಎಫ್‌ಎಕ್ಸ್‌ಆರ್ ಜೀವಕೋಶದೊಳಗೆ ಬಂದ ಪಿತ್ತಾಮ್ಲವನ್ನು ಅಲ್ಲಿ ಕೂಡಿಕೊಳ್ಳಲು ಬಿಡದೆ ಆಚೆ ದಾಟಿಸುವ ಸಾಗಣೆ ಪ್ರೋಟೀನ್‌ಗಳನ್ನು ಹೆಚ್ಚಿಸುತ್ತದೆ. ಕರುಳಿನ ಗೋಡೆ ಸೋರದಂತೆ ನೋಡಿಕೊಳ್ಳುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ. ಈ ಕಾವಲುಗಾರನನ್ನೇ ತೆಗೆದುಬಿಟ್ಟರೆ? ಎಫ್‌ಎಕ್ಸ್‌ಆರ್ ಇಲ್ಲದಂತೆ ಹುಟ್ಟಿಸಿದ ಇಲಿಗಳಲ್ಲಿ ಕರುಳಿನ ಜೀವಕೋಶಗಳು ಅತಿಯಾಗಿ ಬೆಳೆದವು. ಗೆಡ್ಡೆಯಾಗುವ ಸ್ವಭಾವವಿದ್ದ ಇಲಿಗಳಲ್ಲಿ ಗೆಡ್ಡೆಗಳ ಸಂಖ್ಯೆ ಹೆಚ್ಚಿತು. ಮನುಷ್ಯರ ಗೆಡ್ಡೆಗಳಲ್ಲೂ ಇದಕ್ಕೆ ಹೊಂದುವ ಚಿತ್ರವೇ ಸಿಗುತ್ತದೆ. ಆರೋಗ್ಯವಂತ ಒಳಪದರದಲ್ಲಿ ಚೆನ್ನಾಗಿ ಕಾಣುವ ಎಫ್‌ಎಕ್ಸ್‌ಆರ್, ಪಾಲಿಪ್‌ಗಳಲ್ಲಿ ಕಡಿಮೆಯಾಗುತ್ತದೆ, ಕ್ಯಾನ್ಸರಿನಲ್ಲಿ ಇನ್ನೂ ಕುಸಿಯುತ್ತದೆ.

ಕುಸಿಯುವುದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಬೇಕು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಲಕ್ಷಾಂತರ ಸಣ್ಣ ಕುಳಿಗಳಿವೆ. ಪ್ರತಿ ಕುಳಿಯ ತಳದಲ್ಲಿ ಕೆಲವು ಆಕರಕೋಶಗಳು (ಸ್ಟೆಮ್ ಸೆಲ್) ಕೂತಿರುತ್ತವೆ. ಅವು ಒಡೆದು ಹುಟ್ಟಿದ ಮರಿಕೋಶಗಳು ಗೋಡೆ ಹತ್ತುತ್ತಾ ಮೇಲೆ ಬಂದು, ಕೆಲವೇ ದಿನ ಕೆಲಸ ಮಾಡಿ ಉದುರಿಹೋಗುತ್ತವೆ. ಆಕರಕೋಶ ಎಷ್ಟು ಒಡೆಯಬೇಕು ಎಂಬುದಕ್ಕೆ ಲಗಾಮು ಹಾಕುವ ಜೀನ್‌ಗಳಲ್ಲಿ ಮುಖ್ಯವಾದದ್ದು ಎಪಿಸಿ. ವಂಶಪಾರಂಪರ್ಯವಲ್ಲದ ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಬಹುಪಾಲಿನಲ್ಲಿ ಮೊದಲು ಕೆಡುವುದು ಈ ಜೀನ್. ಎಪಿಸಿ ಕೆಟ್ಟ ಜೀವಕೋಶಗಳಲ್ಲಿ ಎಫ್‌ಎಕ್ಸ್‌ಆರ್ ಜೀನಿನ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪುಗಳು ಕುಳಿತು ಅದರ ಬಾಯಿ ಕಟ್ಟುತ್ತವೆ. ಅಂದರೆ ಲಗಾಮು ಕಡಿದ ಜೀವಕೋಶ ತನ್ನ ಕಿವಿಯನ್ನೂ ಮುಚ್ಚಿಕೊಳ್ಳುತ್ತದೆ. ಸುತ್ತ ಪಿತ್ತಾಮ್ಲ ಹೆಚ್ಚುತ್ತಿದ್ದರೂ ‘ಆಚೆ ದಾಟಿಸು, ಬೆಳೆಯುವುದನ್ನು ನಿಲ್ಲಿಸು’ ಎಂಬ ಮಾತು ಅದಕ್ಕೆ ತಲುಪುವುದಿಲ್ಲ.

2019ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ರೊನಾಲ್ಡ್ ಇವಾನ್ಸ್ ಅವರ ತಂಡ ಈ ಎಳೆಯನ್ನು ಆಕರಕೋಶದವರೆಗೆ ಹಿಂಬಾಲಿಸಿತು. ಎಪಿಸಿ ಕೆಟ್ಟ ಇಲಿಗಳಿಗೆ ಕೊಬ್ಬು ಹೆಚ್ಚಿರುವ ಆಹಾರ ಕೊಟ್ಟಾಗ ಕೆಲವು ಪಿತ್ತಾಮ್ಲಗಳು ಏರಿದವು. ಅವು ಎಫ್‌ಎಕ್ಸ್‌ಆರ್ ಅನ್ನು ಎಚ್ಚರಿಸುವ ಬದಲು ಅದಕ್ಕೆ ಅಡ್ಡ ನಿಂತವು. ಆಕರಕೋಶಗಳು ಹೆಚ್ಚಾದವು, ಅವುಗಳ ಡಿಎನ್‌ಎಗೆ ಹಾನಿಯಾಯಿತು, ಪಾಲಿಪ್‌ಗಳು ಕ್ಯಾನ್ಸರಿನತ್ತ ತಿರುಗಿದವು. ಕರುಳಿನಲ್ಲಿ ಮಾತ್ರ ಎಫ್‌ಎಕ್ಸ್‌ಆರ್ ಅನ್ನು ಎಚ್ಚರಿಸುವ ಒಂದು ಅಣುವನ್ನು ಕೊಟ್ಟಾಗ ಇದೆಲ್ಲ ನಿಧಾನವಾಯಿತು. ನನಗೆ ಬಹಳ ಹಿಡಿಸಿದ ಕೆಲಸ ಇದು. ಆದರೆ ಒಂದು ಎಚ್ಚರಿಕೆ ಅಗತ್ಯ. ಅಲ್ಲಿ ಏರಿದ ಪಿತ್ತಾಮ್ಲಗಳಲ್ಲಿ ಒಂದು ಮ್ಯೂರಿಕೋಲಿಕ್ ವರ್ಗದ್ದು. ಇಲಿಯ ಯಕೃತ್ತು ಅದನ್ನು ಧಾರಾಳವಾಗಿ ಮಾಡುತ್ತದೆ, ಮನುಷ್ಯನ ಯಕೃತ್ತು ಮಾಡುವುದೇ ಇಲ್ಲವೆನ್ನಬಹುದು. ಇಲಿಯ ಪಿತ್ತವೇ ಬೇರೆ, ನಮ್ಮ ಪಿತ್ತವೇ ಬೇರೆ. ಇಲಿಯಲ್ಲಿ ಕಂಡದ್ದನ್ನು ಹಾಗೆಯೇ ನಮಗೆ ಹಚ್ಚಿಕೊಳ್ಳುವ ಸುದ್ದಿಬರಹಗಳು ಓದುಗರ ನಿದ್ದೆ ಕೆಡಿಸುತ್ತವೆ, ಇದಕ್ಕೆ ನಿಮ್ಮ ಪತ್ರವೇ ಸಾಕ್ಷಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ: ‘ಗ್ರಾಹಕವನ್ನು ಮುಚ್ಚುವ ಔಷಧ’. ಎಫ್‌ಎಕ್ಸ್‌ಆರ್ ವಿಷಯದಲ್ಲಿ ಬೇಕಾಗಿರುವುದು ಮುಚ್ಚುವುದಲ್ಲ, ತೆರೆದಿಡುವುದು. ಅದೂ ಸುಲಭವಲ್ಲ. ಈ ಗ್ರಾಹಕ ಯಕೃತ್ತಿನಲ್ಲೂ ಇದೆ, ಕರುಳಿನಲ್ಲೂ ಇದೆ. ಅದನ್ನು ಸದಾ ಎಚ್ಚರವಾಗಿಟ್ಟರೆ ಎಫ್‌ಜಿಎಫ್19 ಸದಾ ಹೆಚ್ಚಿರುತ್ತದೆ, ಮತ್ತು ಎಫ್‌ಜಿಎಫ್19 ಬಹುಕಾಲ ಅತಿಯಾಗಿದ್ದ ಇಲಿಗಳಲ್ಲಿ ಯಕೃತ್ತಿನ ಗೆಡ್ಡೆಗಳಾಗಿವೆ. ಹೀಗಾಗಿ ಕರುಳಿನಲ್ಲಷ್ಟೇ ಕೆಲಸ ಮಾಡುವ ಅಣುಗಳ ಹುಡುಕಾಟ ನಡೆದಿದೆ. ಕರುಳಿನ ಕ್ಯಾನ್ಸರ್ ತಡೆಯಲು ವೈದ್ಯರು ಬರೆದುಕೊಡಬಹುದಾದ ಎಫ್‌ಎಕ್ಸ್‌ಆರ್ ಔಷಧ ಇಂದು ಇಲ್ಲ.

ಉಳಿದ ಕಿವಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಟಿಜಿಆರ್5 ಎಂಬ ಗ್ರಾಹಕ ಜೀವಕೋಶದ ಹೊರಪೊರೆಯ ಮೇಲಿರುತ್ತದೆ. ಲಿಥೋಕೋಲಿಕ್ ಆಮ್ಲಕ್ಕೆ ಬೇಗ ಓಗೊಡುತ್ತದೆ. ರೋಗನಿರೋಧಕ ಕೋಶಗಳಲ್ಲಿ ಅದು ಉರಿಯೂತ ತಗ್ಗಿಸುತ್ತದೆ, ಆದರೆ ಆಕರಕೋಶಗಳಲ್ಲಿ ಬೆಳವಣಿಗೆಗೆ ಕುಮ್ಮಕ್ಕು ಕೊಡುತ್ತದೆ. ಗಾಯ ಮಾಯಲು ಅದು ಬೇಕು, ಗೆಡ್ಡೆಗೆ ಅದೇ ಅನುಕೂಲ. ವಿಟಮಿನ್ ಡಿ ಗ್ರಾಹಕವೂ ಲಿಥೋಕೋಲಿಕ್ ಆಮ್ಲವನ್ನು ಗುರುತಿಸುತ್ತದೆ ಎಂದು 2002ರಲ್ಲಿ ಗೊತ್ತಾಯಿತು. ಗುರುತಿಸಿ, ಆ ಆಮ್ಲವನ್ನೇ ನಿರ್ವಿಷ ಮಾಡುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಲಿಥೋಕೋಲಿಕ್ ಆಮ್ಲದ ಕೆಲವು ರೂಪಾಂತರಗಳು ಕರುಳಿನಲ್ಲಿ ಉರಿಯೂತ ಎಬ್ಬಿಸುವ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು ತಡೆದು, ಶಮನ ಮಾಡುವ ಟಿ ಕೋಶಗಳನ್ನು ಬೆಳೆಸುತ್ತವೆ ಎಂದು 2019ರಲ್ಲಿ ಪ್ರಕಟವಾಯಿತು. ನೋಡಿ, ‘ಕೆಟ್ಟ ಪಿತ್ತಾಮ್ಲ’ ಎಂದು ಹಣೆಪಟ್ಟಿ ಹಚ್ಚಿದ್ದರ ಮೊಮ್ಮಕ್ಕಳೇ ಇಲ್ಲಿ ಕರುಳನ್ನು ಕಾಯುತ್ತಿವೆ. ಯಾವ ಆಮ್ಲ, ಎಷ್ಟು, ಎಷ್ಟು ಕಾಲ, ಯಾವ ಜೀವಕೋಶದ ಯಾವ ಗ್ರಾಹಕಕ್ಕೆ ಎಂಬುದನ್ನು ಬಿಟ್ಟು ‘ಪಿತ್ತಾಮ್ಲ ಒಳ್ಳೆಯದೋ ಕೆಟ್ಟದೋ’ ಎಂದು ಕೇಳಿದರೆ ಅದಕ್ಕೆ ಸರಿಯಾದ ಉತ್ತರವೇ ಇಲ್ಲ.

ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆಯ ಬಗ್ಗೆ ನನ್ನ ಉತ್ತರ ಖಚಿತ: ಈ ಉದ್ದೇಶಕ್ಕೆ ತೆಗೆದುಕೊಳ್ಳಬೇಡಿ. ಅದು ಸೌಮ್ಯ ಸ್ವಭಾವದ ಪಿತ್ತಾಮ್ಲ, ಪೊರೆಗಳನ್ನು ಅಷ್ಟಾಗಿ ಕೆಡಿಸುವುದಿಲ್ಲ. ಆದ್ದರಿಂದಲೇ ಅದರ ಮೇಲೆ ಬಹಳ ಆಸೆಯಿತ್ತು. ಪಾಲಿಪ್ ತೆಗೆಸಿಕೊಂಡಿದ್ದ 1285 ಜನರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಪಾಲಿಪ್ ಮರುಕಳಿಸುವುದು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಜೀವಕೋಶಗಳು ತೀವ್ರವಾಗಿ ಕೆಟ್ಟಿದ್ದ ಪಾಲಿಪ್‌ಗಳು ಮಾತ್ರ ಕಡಿಮೆ ಕಂಡವು. ಆಮೇಲೆ ಬಂದದ್ದು ನಮ್ಮನ್ನೆಲ್ಲ ಬೆಚ್ಚಿಬೀಳಿಸಿದ ಸುದ್ದಿ. ಪಿತ್ತನಾಳಗಳು ಗಡುಸಾಗುವ ಸ್ಕ್ಲಿರೋಸಿಂಗ್ ಕೊಲಾಂಜೈಟಿಸ್ ಎಂಬ ಕಾಯಿಲೆಯೂ ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣುಗಳಾಗುವ ಅಲ್ಸರೇಟಿವ್ ಕೊಲೈಟಿಸ್ ಕೂಡ ಇದ್ದವರಿಗೆ ದೇಹತೂಕದ ಪ್ರತಿ ಕಿಲೋಗೆ 28ರಿಂದ 30 ಮಿಲಿಗ್ರಾಂನಷ್ಟು ಹೆಚ್ಚಿನ ಪ್ರಮಾಣದಲ್ಲಿ ಈ ಮಾತ್ರೆ ಕೊಟ್ಟಾಗ, ಕರುಳಿನ ಕ್ಯಾನ್ಸರ್ ಹಾಗೂ ಅದರ ಪೂರ್ವಸ್ಥಿತಿ ಕಡಿಮೆಯಾಗುವ ಬದಲು ಹೆಚ್ಚಾಯಿತು ಎಂದು 2011ರಲ್ಲಿ ವರದಿಯಾಯಿತು. ಅಷ್ಟು ಮಾತ್ರೆ ನುಂಗಿದರೆ ಹೀರದೆ ಉಳಿದದ್ದು ದೊಡ್ಡ ಕರುಳಿಗಿಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನೂ ಲಿಥೋಕೋಲಿಕ್ ಆಮ್ಲ ಮಾಡಬಲ್ಲವು. ಯಕೃತ್ತಿನ ಕಾಯಿಲೆಗೆ ವೈದ್ಯರು ಬರೆದುಕೊಟ್ಟವರು ಅದನ್ನು ನಿಲ್ಲಿಸಬಾರದು. ಅವರಿಗೆ ಬೇಕಾದ ಪ್ರಮಾಣವೂ ಬೇರೆ, ಕಾರಣವೂ ಬೇರೆ.

ಊಟದ ವಿಷಯಕ್ಕೆ ಬಂದರೆ, ನಾನು ರೋಗಿಗಳಿಗೆ ಮತ್ತೆ ಮತ್ತೆ ಹೇಳುವ ಒಂದು ಅಧ್ಯಯನವಿದೆ. 2015ರಲ್ಲಿ ಪ್ರಕಟವಾದ ಅದರಲ್ಲಿ 20 ಮಂದಿ ಆಫ್ರಿಕನ್ ಅಮೆರಿಕನ್ನರೂ ದಕ್ಷಿಣ ಆಫ್ರಿಕಾದ ಹಳ್ಳಿಗಾಡಿನ 20 ಮಂದಿಯೂ ಎರಡು ವಾರ ಪರಸ್ಪರರ ಆಹಾರ ಉಂಡರು. ಅಮೆರಿಕದವರ ನಾರಿನಂಶ ದಿನಕ್ಕೆ 14 ಗ್ರಾಂನಿಂದ 55 ಗ್ರಾಂಗೆ ಏರಿತು, ಕೊಬ್ಬು ಅರ್ಧಕ್ಕಿಂತ ಕೆಳಗಿಳಿಯಿತು. ಆಫ್ರಿಕಾದವರದು ಇದಕ್ಕೆ ತಿರುಗುಮುರುಗು. ಎರಡೇ ವಾರದಲ್ಲಿ ಅಮೆರಿಕದವರ ಮಲದಲ್ಲಿ ದ್ವಿತೀಯಕ ಪಿತ್ತಾಮ್ಲಗಳು ಸುಮಾರು ಶೇಕಡಾ 70ರಷ್ಟು ಇಳಿದವು, ಆಫ್ರಿಕಾದವರಲ್ಲಿ ಹಲವು ಪಟ್ಟು ಏರಿದವು. ಕರುಳಿನ ಒಳಪದರದ ಜೀವಕೋಶಗಳು ಒಡೆಯುವ ವೇಗವೂ ಅದೇ ದಿಕ್ಕಿನಲ್ಲಿ ಬದಲಾಯಿತು. ನಾರು ದೊಡ್ಡ ಕರುಳಿನಲ್ಲಿ ಹುದುಗಿದಾಗ ಬ್ಯೂಟಿರೇಟ್ ಎಂಬ ಪೋಷಕ ಆಮ್ಲ ಸಿಗುತ್ತದೆ, ಒಳಗಿನ ಹುಳಿತನ ಹೆಚ್ಚುತ್ತದೆ. ಹುಳಿ ಹೆಚ್ಚಿದ ಕಡೆ ಪಿತ್ತಾಮ್ಲವನ್ನು ಮಾರ್ಪಡಿಸುವ ಬ್ಯಾಕ್ಟೀರಿಯಾದ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ.

ಆದರೆ ಎರಡು ವಾರದ ಮಲಪರೀಕ್ಷೆಗೂ ಇಪ್ಪತ್ತು ವರ್ಷದ ಮೇಲಿನ ಕ್ಯಾನ್ಸರಿಗೂ ನಡುವೆ ಬಹಳ ದೂರವಿದೆ. ಅಮೆರಿಕದಲ್ಲಿ 48,835 ಮಹಿಳೆಯರು ಪಾಲ್ಗೊಂಡ ಆಹಾರ ಪ್ರಯೋಗದಲ್ಲಿ, ಸುಮಾರು ಎಂಟು ವರ್ಷ ಕೊಬ್ಬು ಇಳಿಸಿದರೂ ಕರುಳಿನ ಕ್ಯಾನ್ಸರ್ ಇಳಿಯಲಿಲ್ಲ ಎಂದು 2006ರಲ್ಲಿ ವರದಿಯಾಯಿತು. ಆದ್ದರಿಂದ ಕೊಬ್ಬನ್ನು ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಪಿತ್ತಕೋಶವಿಲ್ಲದವರು ಒಂದೇ ಹೊತ್ತಿಗೆ ಬಹಳ ಕೊಬ್ಬು ತಿಂದರೆ ಹೊಟ್ಟೆ ಕೆಡಬಹುದು. ಹಂಚಿ ತಿನ್ನಿ, ಸಾಕು. ನಾರಿನ ವಿಷಯದಲ್ಲಿ ನನಗೆ ಹೆಚ್ಚು ವಿಶ್ವಾಸವಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ 10 ಗ್ರಾಂ ನಾರು ಹೆಚ್ಚಿದಂತೆ ಅಪಾಯ ಸುಮಾರು ಶೇಕಡಾ 10 ಕಡಿಮೆ ಕಾಣುತ್ತದೆ. ತೌಡು ತೆಗೆಯದ ಧಾನ್ಯ, ಬೇಳೆಕಾಳು, ತರಕಾರಿ, ಹಣ್ಣುಗಳಿಂದ ಅದನ್ನು ಪಡೆಯಿರಿ. ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲೇ ಕ್ಯಾನ್ಸರ್‌ಕಾರಕ ಎಂದು ಸಾರಿದೆ. ತಿನ್ನುತ್ತಿದ್ದರೆ ಬಿಡಿ. ತಂಬಾಕು, ಮದ್ಯ ಇದ್ದರೆ ಅವನ್ನೂ.

ಇನ್ನು ಪಿತ್ತಕೋಶ. ಅದಿಲ್ಲದಿದ್ದರೆ ಪಿತ್ತರಸ ಶೇಖರವಾಗಲು ಜಾಗವಿಲ್ಲದೆ ಕರುಳಿಗೆ ಸಣ್ಣಗೆ ಜಿನುಗುತ್ತಲೇ ಇರುತ್ತದೆ. ಪಿತ್ತಾಮ್ಲಗಳ ಸುತ್ತಾಟ ಹೆಚ್ಚಾಗಿ, ಬ್ಯಾಕ್ಟೀರಿಯಾಗಳ ಕೈಗೆ ಸಿಗುವುದೂ ಹೆಚ್ಚುತ್ತದೆ. ನಿಮ್ಮ ಊಹೆ ಅಷ್ಟರ ಮಟ್ಟಿಗೆ ಸರಿ. ಆದರೆ ಒಟ್ಟು ಪಿತ್ತಾಮ್ಲ ಹೆಚ್ಚುವುದಿಲ್ಲ. ಕೆಲವು ಅಧ್ಯಯನಗಳಲ್ಲಿ ಕರುಳಿನ ಬಲಭಾಗದ ಕ್ಯಾನ್ಸರ್ ತುಸು ಹೆಚ್ಚು ಕಂಡಿದೆ, ಇನ್ನು ಕೆಲವುಗಳಲ್ಲಿ ವ್ಯತ್ಯಾಸವೇ ಕಂಡಿಲ್ಲ. ಈ ಒಂದೇ ಕಾರಣಕ್ಕೆ ಹೆಚ್ಚುವರಿ ಕೊಲೊನೋಸ್ಕೊಪಿ ಮಾಡಿಸಿ ಎಂದು ಯಾವ ಪ್ರಮುಖ ಮಾರ್ಗಸೂಚಿಯೂ ಹೇಳುವುದಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಪದೇ ಪದೇ ನೀರುಭೇದಿಯಾಗುತ್ತಿದ್ದರೆ ಮಾತ್ರ ವೈದ್ಯರಿಗೆ ಹೇಳಿ, ಪಿತ್ತಾಮ್ಲವನ್ನು ಹಿಡಿದಿಡುವ ಔಷಧಗಳು ಅದಕ್ಕೆ ಇವೆ.

ಕೊಲೊನೋಸ್ಕೊಪಿಯ ಕ್ಯಾಮೆರಾ ಕರುಳಿನ ಬಲತುದಿಯ ಸೀಕಮ್ ತಲುಪಿದಾಗ ಪರದೆಯ ಮೇಲೆ ಮೊದಲು ಕಾಣುವುದು ಹಳದಿ ಬಣ್ಣದ ತೆಳು ಲೇಪ. ಅದು ಪಿತ್ತ. ನೀರು ಚಿಮ್ಮಿಸಿ ತೊಳೆದಾಗ ಕೆಳಗೆ ಗುಲಾಬಿ ಬಣ್ಣದ ಗೋಡೆ ಹೊಳೆಯುತ್ತದೆ. ಕೆಲವೊಮ್ಮೆ ಒಂದು ಕಡೆ ಮಾತ್ರ ಹಳದಿ ಲೋಳೆ ಟೋಪಿಯಂತೆ ಅಂಟಿಕೊಂಡೇ ಇರುತ್ತದೆ. ಅದನ್ನು ಬಿಡದೆ ತೊಳೆದರೆ ಅಡಿಯಲ್ಲಿ ಚಪ್ಪಟೆಯಾದ, ಸುತ್ತಲಿನ ಗೋಡೆಯಿಂದ ಬೇರೆ ಮಾಡಿ ನೋಡುವುದೇ ಕಷ್ಟವಾದ ಒಂದು ಪಾಲಿಪ್ ಅಡಗಿರುತ್ತದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದರೂ ಆ ಹಳದಿ ಟೋಪಿ ಕಂಡಾಗ ನನ್ನ ಕೈ ತಾನಾಗಿ ನಿಧಾನವಾಗುತ್ತದೆ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬೇಕು. ಗ್ರಾಹಕಗಳ ಬಗ್ಗೆ ನಾವು ಕಲಿಯುತ್ತಿರುವಾಗಲೇ, ಅಷ್ಟು ಉದ್ದದ ಅವಧಿಯಲ್ಲಿ ಒಂದು ತಂತಿಯ ಕುಣಿಕೆಯಿಂದ ಅದನ್ನು ಕಿತ್ತುಹಾಕುವ ಅವಕಾಶ ನಮ್ಮ ಕೈಯಲ್ಲಿದೆ. ನಿಮ್ಮ ವೈದ್ಯರು ಮಾಡಿದ್ದು ಅದನ್ನೇ.

ಈಗ ನೀವು ಮಾಡಬೇಕಾದದ್ದು ಇಷ್ಟು. ಆ ಪಾಲಿಪ್‌ನ ಸೂಕ್ಷ್ಮದರ್ಶಕ ಪರೀಕ್ಷೆಯ ವರದಿಯನ್ನು ಕೇಳಿ ಪಡೆಯಿರಿ. ಅದು ಯಾವ ಬಗೆಯದು, ಜೀವಕೋಶಗಳು ಎಷ್ಟು ಕೆಟ್ಟಿದ್ದವು, ಪೂರ್ತಿಯಾಗಿ ಬಂದಿದೆಯೇ, ಕರುಳು ಚೆನ್ನಾಗಿ ಶುದ್ಧವಾಗಿತ್ತೇ ಎಂದು ಕೇಳಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಅದನ್ನು ಮರೆಯದೆ ತಿಳಿಸಿ. ಸಣ್ಣದೊಂದು ಸಾಮಾನ್ಯ ಪಾಲಿಪ್ ಆಗಿದ್ದರೆ ಮುಂದಿನ ಪರೀಕ್ಷೆ ಹಲವು ವರ್ಷಗಳಾಚೆಗೆ ಇರುತ್ತದೆ. ಬೇರೆ ಬಗೆಯದಾದರೆ ಬೇಗ ಬರಲು ಹೇಳುತ್ತಾರೆ. ಅದಕ್ಕೆ ಮುನ್ನವೇ ಮಲದಲ್ಲಿ ರಕ್ತ ಕಂಡರೆ, ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಕಂಡರೆ ಆ ದಿನಾಂಕಕ್ಕೆ ಕಾಯಬೇಡಿ. ಮುಂದಿನ ಪರೀಕ್ಷೆಯ ವರ್ಷವನ್ನು ವೈದ್ಯರಿಂದಲೇ ವರದಿಯ ಮೇಲೆ ಬರೆಸಿಕೊಂಡು, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ.